ನಿಂತದ್ದನ್ನು ಬಿಡು

"ಅಯ್ಯಯ್ಯೋ, ಕಾರಿನ ಮೂತಿ ಎಲ್ಲಿ ಹೋಯ್ತು ರೀ?"

ಪ್ರೆಸ್ಸಿನ ಬೈಂಡಿಂಗ್ ಕೆಲಸ ಮುಗಿಸಿ ಬಂದ ಹೆಂಡತಿ ಗೇಟಿನಲ್ಲೇ ನಿಂತುಬಿಟ್ಟಿದ್ದಳು. ಅಂಗಳದಲ್ಲಿ ಹಳೇ ಚಾಪೆಯ ಮೇಲೆ ಕಾರಿನ ಮುಂದಿನ ಬಂಪರ್ ಅಂಗಾತ ಮಲಗಿತ್ತು. ಅದರ ಪಕ್ಕದಲ್ಲಿ ಲಿಫ್ಟ್ ಮೆಕ್ಯಾನಿಕ್ ಮೊಣಕಾಲೂರಿ ಕೂತು, ಅಂಚೆಚೀಟಿಗಿಂತ ತುಸು ದೊಡ್ಡದಾದ ಒಂದು ಹಸಿರು ಬೋರ್ಡನ್ನು ಬಂಪರಿನ ಒಳಮೈಗೆ ಕೂರಿಸುತ್ತಿದ್ದ. ಬಾಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡಿದ್ದರಿಂದ ಉತ್ತರ ಬರಲಿಲ್ಲ.

"ನೆಟ್ಟಗಿದ್ದ ಕಾರು. ಅದಕ್ಕೇನು ಬಂದಿತ್ತು ಕೇಡು?"

"ಇದು ರೆಡಾರ್ ಕಣೇ," ಎಂದ, ಸ್ಕ್ರೂಗಳನ್ನು ಅಂಗೈಗೆ ಉಗುಳಿ. "ವಿಮಾನಗಳನ್ನ ಪತ್ತೆ ಮಾಡ್ತಾರಲ್ಲ, ಅದರ ಮರಿ. ಮುಂದೆ ಎರಡು, ಹಿಂದೆ ಎರಡು. ಯಾರಾದ್ರೂ ಅಡ್ಡ ಬಂದ್ರೆ ದೂರದಿಂದ್ಲೇ ಕೂಗುತ್ತೆ. ಬಂಪರ್ ಪ್ಲಾಸ್ಟಿಕ್ಕು ಇದಕ್ಕೆ ಅಡ್ಡಿನೇ ಅಲ್ಲ. ಮಳೆ, ಮಂಜು, ಧೂಳು, ಏನಿದ್ರೂ ಕಾಣುತ್ತೆ."

"ಯಾಕೆ, ನಿಮಗೆ ಕಣ್ಣಿಲ್ವಾ?"

ಅವಳು ತಮಾಷೆಗೆ ಅಂದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಅವನ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. ಅವಳು ನಕ್ಕು ಒಳಗೆ ಹೋದಳು. ಅವನೂ ಹಲ್ಲು ತೋರಿಸಿದ, ಅಷ್ಟೆ.

ಏಳು ತಿಂಗಳ ಹಿಂದೆ ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ಕಣ್ಣಿನ ಡಾಕ್ಟರಮ್ಮ ಬಟ್ಟಲಿನಂಥ ಒಂದು ಯಂತ್ರದೊಳಗೆ ಅವನ ಮುಖ ಇಡಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದಿದ್ದಳು. ಒತ್ತಿದ. ಆಮೇಲೆ ತುಂಬಾ ಹೊತ್ತು ಚುಕ್ಕೆಯೇ ಬರಲಿಲ್ಲ. ಯಂತ್ರ ಕೆಟ್ಟಿರಬೇಕು ಎಂದುಕೊಂಡ, ಮೆಕ್ಯಾನಿಕ್ ಬುದ್ಧಿ ಅಲ್ಲವೇ. ಕೆಟ್ಟದ್ದು ಯಂತ್ರವಲ್ಲ. "ಗ್ಲಾಕೋಮಾ," ಎಂದಳು ಡಾಕ್ಟರಮ್ಮ. "ಅಂಚಿನಿಂದ ಒಳಕ್ಕೆ ತಿಂದ್ಕೊಂಡು ಬಂದಿದೆ. ನಡುವೆ ಚೆನ್ನಾಗಿ ಕಾಣೋದ್ರಿಂದ ನಿಮಗೆ ಗೊತ್ತಾಗಿಲ್ಲ. ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳೋಣ. ಇವತ್ತಿಂದ ಗಾಡಿ ಮಾತ್ರ ಓಡಿಸ್ಬೇಡಿ."

ಹೆಂಡತಿಗೆ ಅವನು ಹೇಳಿದ್ದು ಇಷ್ಟು: "ಕಣ್ಣಲ್ಲಿ ಸ್ವಲ್ಪ ಪ್ರೆಶರ್ ಅಂತೆ. ಡ್ರಾಪ್ಸ್ ಕೊಟ್ಟಿದ್ದಾರೆ." ಮೂವತ್ತೊಂದು ವರ್ಷ ದುಡಿದದ್ದು ಸಾಕಾಯಿತು ಎಂದು ಕೆಲಸ ಬಿಟ್ಟ. ರಿಪೋರ್ಟನ್ನು ನಾಲ್ಕಾಗಿ ಮಡಿಸಿ ಟೂಲ್ ಬಾಕ್ಸಿನಲ್ಲಿ ಸ್ಪ್ಯಾನರ್‌ಗಳ ಅಡಿಗೆ ಇಟ್ಟ. ಪ್ರತಿದಿನ ಬೆಳಿಗ್ಗೆ ಅವಳೇ ಅವನ ಗದ್ದ ಎತ್ತಿ ಹಿಡಿದು, "ಅಲ್ಲಾಡ್ಬೇಡಿ, ಮಗು ಥರ," ಎಂದು ಬೈಯುತ್ತಾ ಒಂದೊಂದು ಕಣ್ಣಿಗೆ ಒಂದೊಂದು ಹನಿ ಹಾಕುತ್ತಿದ್ದಳು.

ಗಾಡಿ ಬಿಡಬಹುದಿತ್ತು. ಬೇರೆ ಯಾರೇ ಆಗಿದ್ದರೂ ಬಿಡುತ್ತಿದ್ದರು. ಆದರೆ ಐದು ಗಂಟೆ ಎಂಬುದೊಂದಿತ್ತಲ್ಲ, ಅದನ್ನು ಏನು ಮಾಡುವುದು?

ಮಗಳು ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಗುಬ್ಬಿ ಎಂದು ಕರೆದರು. ಈಗ ಇಪ್ಪತ್ಮೂರು ವರ್ಷ, ಅಪ್ಪನಿಗಿಂತ ನಾಲ್ಕು ಬೆರಳು ಎತ್ತರ, ಆದರೂ ಗುಬ್ಬಿಯೇ. ಅವಳ ಬಾಯಲ್ಲಿ ಬರುವುದು ಒಂದೇ ಮಾತು: "ಹೋಣ." ಹೋಗೋಣ ಎಂದು ಅರ್ಥ. ದಿನವೂ ಸಂಜೆ ಐದಕ್ಕೆ ಕಾರಿನ ಹಿಂದಿನ ಎಡಗಡೆಯ ಸೀಟಿನಲ್ಲಿ ಕೂರಬೇಕು. ಕಾರು ನೀರಿನ ಟ್ಯಾಂಕಿನವರೆಗೆ ಹೋಗಿ, ರೈಲ್ವೆ ಗೇಟು ಬಳಸಿ ಮನೆಗೆ ಬರಬೇಕು. ನಲವತ್ತು ನಿಮಿಷ. ಆ ನಲವತ್ತು ನಿಮಿಷ ಅವಳ ಮುಖ ಬಿಚ್ಚಿಕೊಂಡಿರುತ್ತಿತ್ತು, ಗಂಟಲಲ್ಲಿ ಏನೋ ಒಂದು ರಾಗ. ಒಂದು ದಿನ ತಪ್ಪಿತೋ, ಮುಗಿಯಿತು. ತನ್ನ ಮಣಿಕಟ್ಟನ್ನು ತಾನೇ ಕಚ್ಚಿಕೊಳ್ಳುವಳು, ರಕ್ತ ಬರುವವರೆಗೆ. ಬೇರೆಯವರ ಕಾರಿನಲ್ಲಿ ಕೂರಿಸಿ ನೋಡಿದ್ದೂ ಆಗಿತ್ತು. ಬೀದಿಯೆಲ್ಲ ಸೇರುವ ಹಾಗೆ ಕಿರುಚಿದ್ದಳು. ಇದೇ ಕಾರು, ಇದೇ ಸೀಟು, ಇದೇ ವಾಸನೆ ಆಗಬೇಕು. ಇದೇ ಕಾರನ್ನು ಬೇರೆಯವರ ಕೈಗೆ ಕೊಟ್ಟು ಓಡಿಸಬಹುದಿತ್ತು, ಆದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಹೆಂಡತಿಗೆ ಡ್ರೈವಿಂಗ್ ಬರದು. ಕಲಿಸಿ ಎಂದು ಅವಳು ಕೇಳಿದಾಗಲೆಲ್ಲ, "ನಿನ್ನ ಕಾಲಿಗೆ ಸಿಕ್ಕಿದ್ರೆ ನನ್ನ ಕ್ಲಚ್ ಉಳಿಯುತ್ತಾ?" ಎಂದು ನಗೆಯಾಡಿ ತಳ್ಳಿಹಾಕಿದ್ದವನು ಇವನೇ.

ಹಾಗಾಗಿ ಲಿಫ್ಟ್ ಮೆಕ್ಯಾನಿಕ್ ತನಗೆ ಗೊತ್ತಿದ್ದ ದಾರಿ ಹಿಡಿದ. ಮನುಷ್ಯ ಅಡ್ಡ ಬಂದರೆ ಲಿಫ್ಟಿನ ಬಾಗಿಲು ತಾನಾಗಿ ನಿಲ್ಲುತ್ತದೆ. ಬಾಗಿಲಿಗೆ ಕಣ್ಣಿಲ್ಲ, ಸೆನ್ಸರ್ ಇದೆ. ಕಾರಿಗೆ ಯಾಕಿರಬಾರದು? ಲ್ಯಾಪ್‌ಟಾಪ್ ಮುಂದೆ ಕೂತು ಹುಡುಕಿದ. ತಮ್ಮ ತಮ್ಮ ಕಾರಿಗೆ ತಾವೇ ರೆಡಾರ್ ಕೂರಿಸಿಕೊಳ್ಳುವ ಹುಚ್ಚಿನವರ ಒಂದು ಗುಂಪೇ ಇಂಟರ್‌ನೆಟ್ಟಿನಲ್ಲಿ ಇತ್ತು. ಅವರಿಗೆಲ್ಲ ಅದು ಭಾನುವಾರದ ಆಟ. ಇವನೂ ಹವ್ಯಾಸಕ್ಕೆ ಎಂದೇ ಹೇಳಿಕೊಂಡು ಸೇರಿಕೊಂಡ.

ಎರಡು ತಿಂಗಳು ಅವನಿಗೆ ಊಟ ನಿದ್ದೆಯ ಖಬರಿರಲಿಲ್ಲ. ನಾಲ್ಕು ಬೋರ್ಡುಗಳಿಂದ ವೈರ್ ಎಳೆದು ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಗಲದ ಸ್ಕ್ರೀನ್ ಕೂರಿಸಿದ. ಹತ್ತಿರ ಬಂದದ್ದು ಹಸಿರು ಚುಕ್ಕೆಯಾಗಿ ಕಾಣಬೇಕು, ತೀರ ಹತ್ತಿರವಾದರೆ ಕೆಂಪಾಗಿ ಬಜರ್ ಕೂಗಬೇಕು. ಮೊದಲ ದಿನ ಕೀ ತಿರುಗಿಸಿದ್ದೇ ತಡ, ಕೂಗಿತು ನೋಡಿ! ಕಾಂಪೌಂಡ್ ಗೋಡೆಗೆ ಕೂಗಿತು, ಗೇಟಿಗೆ ಕೂಗಿತು, ಬೀದಿಗೆ ಇಳಿದರೆ ಕರೆಂಟ್ ಕಂಬಕ್ಕೆ, ಕಸದ ತೊಟ್ಟಿಗೆ, ನಿಲ್ಲಿಸಿದ ಲಾರಿಗೆ. ಗುಬ್ಬಿ ಎರಡೂ ಕಿವಿ ಮುಚ್ಚಿಕೊಂಡು ಸೀಟಿನಲ್ಲಿ ಮುದುಡಿಕೊಂಡಳು. ಹೀಗಾದರೆ ಆಗದು.

ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಕಾಂಪೌಂಡಿನ ಮೇಲಿಂದ ತಲೆ ಹಾಕಿ, "ಏನು ಮೆಕ್ಯಾನಿಕ್ಕರೇ, ಕಾರೋ, ಕಿರುಚೋ ಕೂಸೋ? ರೆಕ್ಕೆ ಒಂದು ಬಾಕಿ ನೋಡಿ, ಹಾರಿಸಿಬಿಡಿ!" ಎಂದರು.

ಗುಂಪಿನಲ್ಲಿ ಕೇಳಿದಾಗ ಬಲ್ಲವನೊಬ್ಬ ಉಪಾಯ ಹೇಳಿಕೊಟ್ಟ. ರೆಡಾರಿಗೆ ಯಾವುದು ಚಲಿಸುತ್ತಿದೆ, ಯಾವುದು ನಿಂತಿದೆ ಎಂಬುದು ಚೆನ್ನಾಗಿ ತಿಳಿಯುತ್ತದೆ. ಕಾರಿನ ವೇಗವನ್ನು ಲೆಕ್ಕದಿಂದ ಕಳೆದುಬಿಟ್ಟರೆ, ನೆಲಕ್ಕೆ ಅಂಟಿಕೊಂಡು ನಿಂತದ್ದು ಯಾವುದೆಂದು ಗೊತ್ತಾಗುತ್ತದೆ. ನಿಂತದ್ದನ್ನು ಬಿಡು, ಚಲಿಸುವುದನ್ನು ಮಾತ್ರ ಹಿಡಿ ಎಂದು ಹೇಳು, ಗೋಡೆ ಕಂಬಗಳ ಕಾಟ ತಪ್ಪುತ್ತದೆ. ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು. ಲಿಫ್ಟ್ ಮೆಕ್ಯಾನಿಕ್ ಅದನ್ನು ಬರೆದು ಗುಂಡಿ ಒತ್ತಿದ. ಕಾರು ತಣ್ಣಗಾಯಿತು.

ಕೆಲಸ ಕಲಿಸಿದ ಹಳೇ ಮೇಸ್ತ್ರಿ ಅವನಿಗೆ ಒಂದು ನಿಯಮ ಹೇಳಿಕೊಟ್ಟಿದ್ದ: ನಿನ್ನ ಕೈ ಕೊಟ್ಟು ನೋಡದೆ ಯಾವ ಬಾಗಿಲನ್ನೂ ಜನಕ್ಕೆ ಒಪ್ಪಿಸಬೇಡ. ಮೂವತ್ತೊಂದು ವರ್ಷದಲ್ಲಿ ಎಷ್ಟು ಸಾವಿರ ಸಲ ಮುಚ್ಚುತ್ತಿರುವ ಬಾಗಿಲಿನ ನಡುವೆ ಅವನು ಕೈ ಚಾಚಿರಬೇಕೋ! ಆ ನಿಯಮವನ್ನು ಇಲ್ಲೂ ಬಿಡಲಿಲ್ಲ. ಕಾರಿನ ಹಿಂದೆ ಹೋಗಿ ಕೈ ಚಾಚಿದ, ಕೂಗಿತು. ಎಡದಿಂದ ಬಲಕ್ಕೆ ನಡೆದ, ಕೂಗಿತು. ಹೆಂಡತಿಯನ್ನು ನಡೆಸಿದ. ಪೋಸ್ಟ್‌ಮಾಸ್ಟರು ಛತ್ರಿ ಬೀಸುತ್ತಾ ಸೈನಿಕನ ಹಾಗೆ ನಡೆದರು. ಬಜರ್ ಕೂಗಿದಾಗ ಸೆಲ್ಯೂಟ್ ಹೊಡೆದು ಎಲ್ಲರನ್ನೂ ನಗಿಸಿದರು. ಪರೀಕ್ಷೆಗೆಂದು ಬಂದವರೆಲ್ಲ ನಡೆದೇ ಬಂದರು. ಸುಮ್ಮನೆ ನಿಂತು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಲಿಫ್ಟಿನ ಬಾಗಿಲಿಗಾದರೆ ಕೈ ಅಲ್ಲಾಡಿದರೇನು, ಅಲ್ಲಾಡದಿದ್ದರೇನು, ಅಡ್ಡ ಅಂದರೆ ಅಡ್ಡವೇ.

ಮೂರು ವಾರ ಹಬ್ಬವೋ ಹಬ್ಬ. ಒಂದು ಸಂಜೆ ರೈಲ್ವೆ ಗೇಟಿನ ಹತ್ತಿರ ಎಡಗಡೆಯಿಂದ ಬೈಕೊಂದು ನುಗ್ಗಿ ಬಂತು. ಅವನಿಗೆ ಅದು ಕಾಣಲೇ ಇಲ್ಲ. ಬಜರ್ ಕೂಗಿತು, ಬ್ರೇಕ್ ಒತ್ತಿದ, ಬೈಕಿನವನು ಬೈದುಕೊಂಡು ಹೋದ. ಅವನಿಗೆ ಆ ಬೈಗುಳವೂ ಹಿತವಾಗಿ ಕೇಳಿಸಿತು. ಇನ್ನು ಹತ್ತು ವರ್ಷ ಚಿಂತೆಯಿಲ್ಲ ಎಂದುಕೊಂಡ. ಹಿಂದಿನ ಸೀಟಿನಲ್ಲಿ ಗುಬ್ಬಿ ರಾಗ ಎಳೆಯುತ್ತಿದ್ದಳು. ಆ ಸಂಜೆ ಅವನಿಗಿದ್ದಷ್ಟು ಸಂತೋಷ ಮತ್ತೆ ಅವನ ಪಾಲಿಗೆ ಬರಲಿಲ್ಲ.

ಅಂಗಳದ ನಡುವೆ ಚರಂಡಿಯ ಮೇಲೆ ಒಂದು ಕಲ್ಲುಚಪ್ಪಡಿ ಇತ್ತು. ಗುಬ್ಬಿ ಕಾಯುತ್ತಿದ್ದದ್ದು ಅದರ ಮೇಲೆಯೇ. ಐದು ಗಂಟೆಗೆ ಸರಿಯಾಗಿ ಬಂದು, ಎರಡೂ ಪಾದ ಜೋಡಿಸಿ, ಕೈ ತೊಡೆಗೆ ಅಂಟಿಸಿ ನಿಂತಳೆಂದರೆ ತಲೆ ಮೇಲೆ ತಲೆ ಬಿದ್ದರೂ ಅಲ್ಲಾಡುವವಳಲ್ಲ. ನೊಣ ಕೂತರೂ ಓಡಿಸುತ್ತಿರಲಿಲ್ಲ. ಕಾರು ದಿನವೂ ನಿಲ್ಲುತ್ತಿದ್ದ ಜಾಗದಲ್ಲಿ ಆ ಚಪ್ಪಡಿ ಸರಿಯಾಗಿ ಹಿಂದಿನ ಎಡಬಾಗಿಲಿನ ಪಕ್ಕಕ್ಕೆ ಬರುತ್ತಿತ್ತು. ಅಪ್ಪ ಬಾಗಿಲು ತೆಗೆಯುತ್ತಿದ್ದ, ಅವಳು ಹತ್ತುತ್ತಿದ್ದಳು.

ಆ ದಿನ ಮುಂದಿನ ಬೋರ್ಡಿನ ಒಂದು ವೈರ್ ಸಡಿಲವಾಗಿತ್ತು. ಬಿಸಿಲು ಜೋರಾಗಿತ್ತೆಂದು ಕಾರನ್ನು ಎರಡು ಮಾರು ಮುಂದಕ್ಕೆ, ಎಡಕ್ಕೆ ಓರೆಯಾಗಿ, ಶೆಡ್ಡಿನ ನೆರಳಿಗೆ ತೆಗೆದುಕೊಂಡು ಹೋಗಿ ರಿಪೇರಿಗೆ ಕೂತ. ಕೂತವನಿಗೆ ಹೊತ್ತಿನ ಪರಿವೆ ಇರಲಿಲ್ಲ. ವೈರ್ ಬಿಗಿ ಮಾಡಿ, ಕೈ ಒರೆಸಿಕೊಂಡು, ಕಾರನ್ನು ಮತ್ತೆ ಅದರ ಜಾಗಕ್ಕೆ ತರೋಣವೆಂದು ಒಳಗೆ ಕೂತ. ರಿವರ್ಸ್ ಗೇರ್ ಹಾಕಿದ. ಕನ್ನಡಿಯ ನಡುವೆ ಗೇಟು ಕಂಡಿತು. ಸ್ಕ್ರೀನ್ ನೋಡಿದ, ಒಂದು ಚುಕ್ಕೆಯೂ ಇಲ್ಲ. ಬಜರ್ ಸುಮ್ಮನಿತ್ತು. ಕ್ಲಚ್ ಮೆಲ್ಲಗೆ ಬಿಟ್ಟ.

ಏನೋ ಮೆತ್ತಗೆ ತಾಗಿತು. ಅವನು ಬ್ರೇಕ್ ಒತ್ತುವ ಹೊತ್ತಿಗೆ ಹಿಂದಿನ ಎಡಚಕ್ರ ಯಾವುದೋ ಒಂದರ ಮೇಲೆ ಅರ್ಧ ಹತ್ತಿ ಇಳಿದಿತ್ತು. ಯಾರೂ ಕೂಗಲಿಲ್ಲ. ಒಳಗಿನಿಂದ ಟವೆಲ್ ಹಿಡಿದು ಬಂದ ಹೆಂಡತಿಯ ಕಿರುಚಾಟ ಕೇಳಿದ ಮೇಲೇ ಅವನು ಇಳಿದದ್ದು.

ಗುಬ್ಬಿ ಚಪ್ಪಡಿಯ ಮೇಲೆ ಬಿದ್ದಿದ್ದಳು. ಎಡಗಾಲು ಮೊಣಕಾಲಿನ ಕೆಳಗೆ ಇರಬಾರದ ಕಡೆಗೆ ತಿರುಗಿಕೊಂಡಿತ್ತು. ಮುಖ ಬಿಳಿಚಿಕೊಂಡಿತ್ತು, ತುಟಿ ನಡುಗುತ್ತಿತ್ತು. ಅಪ್ಪನನ್ನು ನೋಡಿದ್ದೇ, "ಹೋಣ," ಎಂದಳು. ಐದು ಗಂಟೆಯಾಗಿತ್ತಲ್ಲ.

"ನೋಡ್ತಾ ನಿಂತಿದ್ದೀರಲ್ರೀ! ಎತ್ರೀ, ಕಾರು ತೆಗೀರಿ, ಆಸ್ಪತ್ರೆಗೆ ನಡೀರಿ!"

ಅವನ ಕೈಯಲ್ಲಿ ಕೀ ಇತ್ತು.

"ನನ್ನ ಕೈಲಾಗಲ್ಲ," ಎಂದ. "ನನಗೆ ಕಾಣಲ್ಲ ಕಣೇ."

"ಏನು ಕಾಣಲ್ಲ?"

"ಪಕ್ಕದ್ದು ಯಾವುದೂ ಕಾಣಲ್ಲ. ಒಂಬತ್ತು ತಿಂಗಳಾಯ್ತು. ಓಡಿಸ್ಬೇಡಿ ಅಂದಿದ್ರು."

ಅವಳು ಅವನನ್ನು ನೋಡಿದ ರೀತಿಯನ್ನು ಬರೆಯುವುದು ಬೇಡ. ಕಾಂಪೌಂಡ್ ಹಾರಿ ಬಂದ ಪೋಸ್ಟ್‌ಮಾಸ್ಟರು, ಅರವತ್ತೆಂಟು ವರ್ಷದ ಮನುಷ್ಯ, ಅವನ ಕೈಯಿಂದ ಕೀ ಕಿತ್ತುಕೊಂಡು ಕಾರು ಓಡಿಸಿದರು. ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಗುಬ್ಬಿ ದಾರಿಯುದ್ದಕ್ಕೂ ನರಳಿದಳು. ಕಾರು ನೀರಿನ ಟ್ಯಾಂಕಿನ ಕಡೆಗೆ ತಿರುಗದೆ ನೇರ ಹೋದಾಗ ಮಾತ್ರ ಜೋರಾಗಿ ಅತ್ತಳು.

ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಗಂಡ ಹೆಂಡತಿ ಕೂತಿದ್ದರು. ಮೂಳೆ ಎರಡು ಕಡೆ ಮುರಿದಿದೆ, ರಾಡ್ ಹಾಕಬೇಕು, ನಡೆಯುತ್ತಾಳೆ ಆದರೆ ಕುಂಟು ಉಳಿಯಬಹುದು ಎಂದು ಹೇಳಿ ಡಾಕ್ಟರು ಒಳಗೆ ಹೋಗಿದ್ದರು. ಹೆಂಡತಿಯ ಕೈಯಲ್ಲಿ ಇನ್ನೂ ಆ ಟವೆಲ್ ಇತ್ತು. ಅದನ್ನು ಪ್ರೆಸ್ಸಿನಲ್ಲಿ ಹಾಳೆ ಮಡಿಸುವ ಹಾಗೆ ಅಂಚಿಗೆ ಅಂಚು ಕೂರಿಸಿ ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಿಸುತ್ತಿದ್ದಳು.

"ಅದು ಯಾಕೆ ಕೂಗಲಿಲ್ಲ?" ಎಂದು ಕೇಳಿದಳು.

ವೈರ್ ಸಡಿಲವಾಗಿತ್ತು ಎಂದು ಹೇಳಿಬಿಡಬಹುದಿತ್ತು. ಅವಳು ನಂಬುತ್ತಿದ್ದಳು. ನಾಲಿಗೆಯ ತುದಿಗೂ ಬಂತು.

"ನಿಂತಿರೋದನ್ನ ಬಿಟ್ಬಿಡು ಅಂತ ಹೇಳಿದ್ದೆ ಅದಕ್ಕೆ," ಎಂದ. "ಗೋಡೆ, ಕಂಬ ಎಲ್ಲಕ್ಕೂ ಕೂಗ್ತಿತ್ತಲ್ಲ, ಅದಕ್ಕೆ. ಚಲಿಸೋದನ್ನ ಮಾತ್ರ ನೋಡು ಅಂದಿದ್ದೆ."

ಟವೆಲ್ ಮಡಿಸುತ್ತಿದ್ದ ಕೈ ನಿಂತಿತು. ಅವಳು ದನಿ ಏರಿಸಲಿಲ್ಲ.

"ನಮ್ಮನೇಲಿ ನಿಂತ್ಕೊಳ್ಳೋದು ಯಾರು ಅಂತ ನಿಮಗೆ ಗೊತ್ತಿರ್ಲಿಲ್ವಾ?"

ಎದುರು ಗೋಡೆಯ ಪಕ್ಕದಲ್ಲಿ ಆಸ್ಪತ್ರೆಯ ಲಿಫ್ಟು ಬಾಗಿಲು ತೆರೆದು, ಮುಚ್ಚಿ, ಮತ್ತೆ ತೆರೆಯುತ್ತಿತ್ತು. ಗಾಲಿಕುರ್ಚಿಯೊಂದು ಹೊಸ್ತಿಲಿನಲ್ಲಿ ಸಿಕ್ಕಿಕೊಂಡು ನಿಂತಿತ್ತು, ಬಾಗಿಲು ಅದನ್ನು ಮುಟ್ಟದೆ ಹಿಂದೆ ಸರಿಯುತ್ತಿತ್ತು. ಅವನು ಹೆಗಲು ಅಲುಗುವಂತೆ ಅತ್ತ. ಅವಳು ಸಮಾಧಾನ ಮಾಡಲಿಲ್ಲ.

ಗುಬ್ಬಿಯನ್ನು ಮನೆಗೆ ತಂದ ಮೇಲೂ ಹತ್ತು ದಿನ ಹೆಂಡತಿ ಅವನೊಂದಿಗೆ ಮಾತಾಡಲಿಲ್ಲ. ಬೆಳಿಗ್ಗೆ ಮಾತ್ರ ಬಂದು ಅವನ ಗದ್ದ ಎತ್ತಿ ಹನಿ ಹಾಕುತ್ತಿದ್ದಳು. ಅಲ್ಲಾಡ್ಬೇಡಿ ಎಂದು ಈಗ ಬೈಯುತ್ತಿರಲಿಲ್ಲ. ಬೈದರೆ ಸಾಕೆಂದು ಅವನು ಬೇಕೆಂದೇ ಒಂದೆರಡು ಸಲ ಅಲ್ಲಾಡಿದ. ಹನಿ ಕೆನ್ನೆಗೆ ಬಿತ್ತು. ಅವಳು ಸೆರಗಿನಿಂದ ಒರೆಸಿ ಇನ್ನೊಂದು ಹನಿ ಹಾಕಿದಳು. ಸಂಜೆ ಐದಾದರೆ ಮಂಚದ ಮೇಲಿಂದ "ಹೋಣ, ಹೋಣ" ಶುರುವಾಗುತ್ತಿತ್ತು. ಇಬ್ಬರೂ ಸೇರಿ ಮಣಿಕಟ್ಟು ಕಚ್ಚಿಕೊಳ್ಳದಂತೆ ಹಿಡಿದುಕೊಳ್ಳುತ್ತಿದ್ದರು. ಒಂದು ಕೈ ಅವನು, ಒಂದು ಕೈ ಅವಳು. ಗುಬ್ಬಿಗೆ ಅಪ್ಪನ ಮೇಲೆ ಕೋಪವಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ನೋವಾದಾಗ ಅವಳು ತಲೆ ಒರಗಿಸುತ್ತಿದ್ದದ್ದು ಅವನ ಹೆಗಲಿಗೇ.

ಹನ್ನೊಂದನೇ ದಿನ ಹನಿಯ ಬಾಟಲಿಗೆ ಮುಚ್ಚಳ ತಿರುಗಿಸುತ್ತಾ ಹೆಂಡತಿ ಹೇಳಿದಳು: "ನಾನು ಕಲೀತೀನಿ. ಪೋಸ್ಟ್‌ಮಾಸ್ಟರು ಕಲಿಸ್ತೀನಿ ಅಂದಿದ್ದಾರೆ. ನಾಳೆಯಿಂದ ಬೆಳಿಗ್ಗೆ ಹೊತ್ತು, ಖಾಲಿ ಮೈದಾನದಲ್ಲಿ."

"ಕ್ಲಚ್..." ಎಂದು ಶುರುಮಾಡಿದ, ಬಾಯಿ ತಪ್ಪಿ.

"ಹೋದ್ರೆ ಹೋಗ್ಲಿ," ಎಂದಳು.

ಆ ಮಧ್ಯಾಹ್ನ ಅವನು ಲ್ಯಾಪ್‌ಟಾಪನ್ನು ಕಾರಿನ ಸೀಟಿನ ಮೇಲಿಟ್ಟುಕೊಂಡು ಆ ಒಂದು ಸಾಲನ್ನು ಹುಡುಕಿ ಅಳಿಸಿದ. ಅಳಿಸಿ, ಕೀ ತಿರುಗಿಸಿ ನೋಡಿದ. ಸ್ಕ್ರೀನಿನ ತುಂಬ ಚುಕ್ಕೆಗಳು ಮೂಡಿದವು. ಗೋಡೆ, ಗೇಟು, ಶೆಡ್ಡಿನ ಕಂಬ, ನಲ್ಲಿಯ ಕೆಳಗೆ ಬೋರಲು ಹಾಕಿದ ಬಕೆಟ್ಟು. ಇಷ್ಟೂ ದಿನ ಇವೆಲ್ಲ ಇಲ್ಲೇ ಇದ್ದವು.

ಐದಕ್ಕೆ ಐದು ನಿಮಿಷವಿದ್ದಾಗ ಗುಬ್ಬಿಯನ್ನು ಇಬ್ಬರೂ ಎತ್ತಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂರಿಸಿ, ಪ್ಲಾಸ್ಟರ್ ಹಾಕಿದ ಕಾಲನ್ನು ಉದ್ದಕ್ಕೆ ಚಾಚಿ ದಿಂಬಿಟ್ಟರು. ಕಾರು ಹೋಗುವುದಿಲ್ಲ, ಆದರೂ ಆ ವಾಸನೆಯಲ್ಲಿ ಸ್ವಲ್ಪ ಹೊತ್ತು ಕೂತಿರಲಿ ಎಂದು. ಹೆಂಡತಿ ಮೊದಲ ಸಲ ಡ್ರೈವರ್ ಸೀಟಿನಲ್ಲಿ ಕೂತಳು. ಸ್ಟೀರಿಂಗನ್ನು ಬಿಸಿ ಪಾತ್ರೆ ಹಿಡಿಯುವ ಹಾಗೆ ಹಿಡಿದುಕೊಂಡಿದ್ದಳು.

"ಎಂಜಿನ್ ಬೇಡ," ಎಂದ ಅವನು ಕಿಟಕಿಯ ಹೊರಗಿನಿಂದ. "ಕೀ ಮಾತ್ರ ತಿರುಗ್ಸು. ಗೇರು ಹೀಗೆ, ಹಿಂದಕ್ಕೆ. ಆಯ್ತಾ? ಸುಮ್ನೆ ಕೂತ್ಕೋ. ನಿನಗೆ ಒಪ್ಪಿಸೋ ಮುಂಚೆ ಒಂದ್ಸಲ ನೋಡ್ಬಿಡ್ತೀನಿ."

"ಏನು ನೋಡ್ತೀರಿ?"

ಅವನು ಕಾರಿನ ಬೆನ್ನಿನ ಕಡೆಗೆ ಹೋದ. ಕಾರು ಇನ್ನೂ ಶೆಡ್ಡಿನ ನೆರಳಿನಲ್ಲೇ ಇತ್ತು. ಪೋಸ್ಟ್‌ಮಾಸ್ಟರು ಆಸ್ಪತ್ರೆಯಿಂದ ತಂದು ಅಲ್ಲೇ ನಿಲ್ಲಿಸಿದ್ದರು. ಚಪ್ಪಡಿ ಬಂಪರಿಗೆ ಎರಡು ಹೆಜ್ಜೆ ದೂರದಲ್ಲಿತ್ತು. ಅದರ ಮೇಲೆ ಹತ್ತಿ, ಎರಡೂ ಪಾದ ಜೋಡಿಸಿ, ಕೈಗಳನ್ನು ತೊಡೆಗೆ ಅಂಟಿಸಿಕೊಂಡು ನಿಂತ. ಬಜರ್ ಕೂಗಿತು. ನಡೆದು ಬಂದದ್ದಕ್ಕೆ ಕೂಗುತ್ತಿರಬಹುದು ಎಂದು ಕಾದ. ಉಸಿರು ಹಿಡಿದುಕೊಂಡ. ಕೂಗು ನಿಲ್ಲಲಿಲ್ಲ.

"ಕೂಗ್ತಾನೇ ಇದೆ ರೀ," ಎಂದಳು ಹೆಂಡತಿ ಒಳಗಿನಿಂದ. "ಕೆಂಪು ಚುಕ್ಕೆ ಬಂದಿದೆ."

"ಇರ್ಲಿ."

"ಸಾಕಲ್ವಾ?"

ಅವನು ಅಲ್ಲಾಡದೆ ನಿಂತೇ ಇದ್ದ. ಗುಬ್ಬಿ ಈ ಸಲ ಕಿವಿ ಮುಚ್ಚಿಕೊಳ್ಳಲಿಲ್ಲ. ನಿಧಾನವಾಗಿ ಹಿಂದಕ್ಕೆ ತಿರುಗಿ ಗಾಜಿಗೆ ಮೂಗು ಒತ್ತಿ ನೋಡಿದಳು. ಅವನಿಗೆ ಅಂಗಳ ಕಾಣುತ್ತಿರಲಿಲ್ಲ, ಗೋಡೆ ಕಾಣುತ್ತಿರಲಿಲ್ಲ. ಆ ಮುಖ ಮಾತ್ರ ನಟ್ಟನಡುವೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳ ತುಟಿ ಆಡಿತು, ಗಾಜಿನ ಮೇಲೆ ಉಸಿರಿನ ಮಂಜು ಮೂಡಿತು. ಹೆಂಡತಿ ಮತ್ತೆ ಸಾಕು ಎನ್ನಲಿಲ್ಲ, ಕೀ ತಿರುಗಿಸಿ ಬಜರ್ ಆರಿಸಲೂ ಇಲ್ಲ. ಅವನ ಹಣೆಯ ಮೇಲೆ ಒಂದು ನೊಣ ಬಂದು ಕೂತಿತು. ಅವನು ಕೈ ಎತ್ತಲಿಲ್ಲ.